ಕಣ್ಣಿಗೆ ಉರಿ ತಂದ ಬೂದಿ: ಗೊಬ್ಬರದ ಚೀಲದಿಂದ ಕಲಿತ ರಸಾಯನ ಪಾಠ

ನಾನು ಓದಿದ್ದು ಏಳನೇ ಕ್ಲಾಸು. ಚಳ್ಳಕೆರೆ ಕಡೆಯ ಮಸಾರೆ ಹೊಲದಲ್ಲಿ ಶೇಂಗಾ, ರಾಗಿ, ತೊಗರಿ ಬೆಳೆಯುವವನು. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಇಂಥವನು ರಸಾಯನಶಾಸ್ತ್ರ ಬರೆಯುವುದೇ ಅಂತ ನಗಬೇಡಿ. ಈ ಪಾಠಕ್ಕೆ ನಾನು ಫೀಸು ಕಟ್ಟಿದ್ದೇನೆ. ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ.

1994ರ ಮುಂಗಾರು. ಎರಡು ಎಕರೆ ರಾಗಿಗೆ ಕೈಗಡ ಮಾಡಿ ಒಂದು ಚೀಲ ಡಿಎಪಿ ತಂದಿದ್ದೆ. ಒಂದು ಚೀಲ ಎಲ್ಲ ಸಾಲಿಗೂ ಸಮನಾಗಿ ಬೀಳಲಿ, ಬೂದಿಯ ಸತ್ವವೂ ಸೇರಲಿ ಅಂತ ನಾಲ್ಕು ಪುಟ್ಟಿ ಒಲೆಬೂದಿ ಬೆರೆಸಿದೆ. ಬೂದಿ ಹಾರದಿರಲಿ ಅಂತ ನೀರು ಚಿಮುಕಿಸಿ, ರಾಶಿ ಮಾಡಿ, ಗೋಣಿ ಮುಚ್ಚಿಟ್ಟೆ. ಬೆಳಿಗ್ಗೆ ಗೋಣಿ ಎತ್ತಿದರೆ ಮೂಗಿಗೆ ಹೊಡೆಯುವ ಘಾಟು, ಕಣ್ಣಲ್ಲಿ ನೀರು. ನಮ್ಮವ್ವ ದೂರದಿಂದಲೇ ಅಂದಳು: 'ಏನೋ ಅದು, ದನದ ಕೊಟ್ಟಿಗೆ ನಾತ ಬರ್ತೈತೆ.' ಗೊಬ್ಬರಕ್ಕೆ ಶಕ್ತಿ ಜಾಸ್ತಿ ಬಂದಿದೆ ಅಂತ ನಾನು ಖುಷಿಪಟ್ಟೆ!

ಬಿತ್ತುವಾಗ ಕೊನೆಯ ಆರು ಸಾಲಿಗೆ ಗೊಬ್ಬರ ಸಾಲಲಿಲ್ಲ. ಪಕ್ಕದ ಹೊಲದವರಿಂದ ಎರಡು ಸೇರು ಡಿಎಪಿ ಈಸಿಕೊಂಡು, ಬೂದಿ ಇಲ್ಲದೆ ಹಾಗೇ ಹಾಕಿದೆ. ತಿಂಗಳು ಕಳೆದ ಮೇಲೆ ನೋಡಿದರೆ ಆ ಆರು ಸಾಲು ಕಪ್ಪು ಹಸಿರು, ಮಿಕ್ಕದ್ದೆಲ್ಲ ಅರಿಶಿನ. ನಾನು ಮಳೆಯನ್ನು ಬೈದೆ, ಗೊಬ್ಬರದ ಅಂಗಡಿಯವನನ್ನು ಬೈದೆ. ಬೈಸಿಕೊಳ್ಳಬೇಕಾದವನು ನಾನೇ ಅಂತ ತಿಳಿಯಲು ಎಷ್ಟೋ ವರ್ಷ ಬೇಕಾಯಿತು. ಸಣ್ಣ ಮಗಳು ಹೈಸ್ಕೂಲಿನಲ್ಲಿ ಪರಮಾಣು, ಧಾತು, ಸಂಯುಕ್ತ, ಮಿಶ್ರಣ ಅಂತ ಗಟ್ಟಿಯಾಗಿ ಓದುತ್ತಿದ್ದಳು. 'ಅಪ್ಪಾ, ಬೂದಿ ಕ್ಷಾರ. ನೀನು ಹಾಕಿದ ಗೊಬ್ಬರ ಗಾಳಿಗೆ ಹೋಯ್ತು' ಅಂದಳು. ಅವಳ ಪುಸ್ತಕ ಹಿಡಿದು ಕೂತೆ. ತಿಳಿದದ್ದನ್ನು ನಮ್ಮ ಹೊಲದ ಮಾತಿನಲ್ಲಿ ಇಲ್ಲಿ ಹೇಳುತ್ತೇನೆ.

ಮಿಶ್ರಣ: ಬೆರೆತರೂ ಬೇರೆ ಬೇರೆ

ಕಣದಲ್ಲಿ ರಾಗಿ, ಹೊಟ್ಟು, ಮಣ್ಣು ಎಲ್ಲ ಒಂದೇ ರಾಶಿ. ತೂರಿದರೆ ಹೊಟ್ಟು ಹಾರುತ್ತದೆ, ಜರಡಿ ಹಿಡಿದರೆ ಮಣ್ಣು ಇಳಿಯುತ್ತದೆ, ರಾಗಿ ಉಳಿಯುತ್ತದೆ. ಬೆರೆತಿದ್ದಾಗಲೂ ರಾಗಿ ರಾಗಿಯೇ, ಮಣ್ಣು ಮಣ್ಣೇ. ಇದು ಮಿಶ್ರಣ. ಎಷ್ಟಕ್ಕೆ ಎಷ್ಟು ಬೆರೆಸಬೇಕು ಅನ್ನುವ ಕಟ್ಟೂ ಇಲ್ಲ. ಉಪ್ಪುನೀರೂ ಮಿಶ್ರಣವೇ, ನೀರು ಆರಿಸಿದರೆ ಉಪ್ಪು ತಳದಲ್ಲಿ ಸಿಗುತ್ತದೆ. ನಾವು ಉಸಿರಾಡುವ ಗಾಳಿಯೂ ಅಷ್ಟೆ. ಒಣಗಾಳಿಯ ನೂರು ಪಾಲಿನಲ್ಲಿ 78 ಸಾರಜನಕ, 21 ಆಮ್ಲಜನಕ, ಉಳಿದದ್ದು ಬೇರೆ ಅನಿಲಗಳು.

ಧಾತು ಮತ್ತು ಪರಮಾಣು

ಇನ್ನೊಂದು ಪದಾರ್ಥವಾಗಿ ಒಡೆಯಲು ಬಾರದ ಪದಾರ್ಥವೇ ಧಾತು. ನಮ್ಮ ಕಾಲದಲ್ಲಿ ಮೂಲವಸ್ತು ಅನ್ನುತ್ತಿದ್ದರು. ಕಬ್ಬಿಣ, ತಾಮ್ರ, ಗಂಧಕ, ಇಂಗಾಲ, ಸಾರಜನಕ ಎಲ್ಲ ಧಾತುಗಳು. ಇವತ್ತಿಗೆ ಪಟ್ಟಿಯಲ್ಲಿ 118 ಇವೆ. ಗಿಡಕ್ಕೆ ಬೇಕೇ ಬೇಕು ಅನ್ನುವುದು 17 ಮಾತ್ರ. ಅದರಲ್ಲಿ ಇಂಗಾಲ, ಜಲಜನಕ, ಆಮ್ಲಜನಕ ಮೂರನ್ನು ಗಾಳಿ ನೀರಿನಿಂದ ಗಿಡವೇ ಪಡೆಯುತ್ತದೆ. ಮಿಕ್ಕ 14ರ ಚಿಂತೆ ಮಣ್ಣಿನದ್ದು, ನಮ್ಮದು.

ಧಾತುವಿನ ಅತಿ ಸಣ್ಣ ಕಾಳು ಪರಮಾಣು. ಕಣ್ಣಿಗೆ ಕಾಣದು. ಒಂದೊಂದು ಧಾತುವಿನ ಪರಮಾಣುವಿಗೂ ತನ್ನದೇ ತೂಕ ಇದೆ ಅಂತ ಲೆಕ್ಕ ಹಾಕಿ 1808ರಲ್ಲಿ ಪುಸ್ತಕ ಬರೆದವನು ಇಂಗ್ಲೆಂಡಿನ ಜಾನ್ ಡಾಲ್ಟನ್. ನೇಕಾರನ ಮಗ, ಶಾಲೆಯಲ್ಲಿ ಪಾಠ ಹೇಳಿ ಬದುಕಿದವನು. ಜಲಜನಕದ ಪರಮಾಣುವಿನ ತೂಕ 1 ಅಂತ ಇಟ್ಟುಕೊಂಡರೆ ಇಂಗಾಲ 12, ಸಾರಜನಕ 14, ಆಮ್ಲಜನಕ 16. ಈ ನಾಲ್ಕು ಅಂಕಿ ನೆನಪಿಡಿ, ಮುಂದೆ ಬೇಕು.

ಸಂಯುಕ್ತ: ಕೂಡಿದ ಮೇಲೆ ಗುಣವೇ ಬೇರೆ

ಬೇರೆ ಬೇರೆ ಧಾತುವಿನ ಪರಮಾಣುಗಳು ಲೆಕ್ಕದಂತೆ ಕೈ ಹಿಡಿದರೆ ಅದು ಸಂಯುಕ್ತ. ಇದನ್ನು ಮೊರ, ಜರಡಿಯಿಂದ ಬೇರೆ ಮಾಡಲು ಆಗುವುದಿಲ್ಲ. ಗುಣವೂ ಹಳೆಯದಲ್ಲ. ಸೋಡಿಯಂ ಎಂಬ ಲೋಹವನ್ನು ನೀರಿಗೆ ಹಾಕಿದರೆ ಸಿಡಿಯುತ್ತದೆ. ಕ್ಲೋರಿನ್ ಎಂಬ ಅನಿಲವನ್ನು 1915ರಲ್ಲಿ ಮಹಾಯುದ್ಧದಲ್ಲಿ ವಿಷವಾಗಿ ಬಿಟ್ಟರು. ಇವೆರಡೂ ಕೂಡಿದ್ದೇ ನಾವು ಮುದ್ದೆಯ ಸಾರಿಗೆ ಹಾಕುವ ಉಪ್ಪು. ಸೋಡಿಯಂ ಬದಲು ಪೊಟ್ಯಾಸಿಯಂ ಕೂತರೆ ಅದೇ ನಮ್ಮ ಪೊಟ್ಯಾಷ್ ಗೊಬ್ಬರ.

ಯೂರಿಯಾ ನೋಡಿ. ಅದರ ಒಂದು ಕಾಳಿನಲ್ಲಿ, ಅಂದರೆ ಒಂದು ಅಣುವಿನಲ್ಲಿ, ಇಂಗಾಲ 1, ಆಮ್ಲಜನಕ 1, ಸಾರಜನಕ 2, ಜಲಜನಕ 4. ತೂಕ ಹಾಕೋಣ: ಇಂಗಾಲ 12, ಆಮ್ಲಜನಕ 16, ಸಾರಜನಕ 28, ಜಲಜನಕ 4. ಒಟ್ಟು 60. ಅರವತ್ತರಲ್ಲಿ 28 ಸಾರಜನಕ ಅಂದರೆ ನೂರಕ್ಕೆ ಸುಮಾರು 46. ಚೀಲದ ಮೇಲೆ ಅಚ್ಚಾಗಿರುವ ಶೇಕಡಾ 46 ಎಲ್ಲಿಂದ ಬಂತು ತಿಳಿಯಿತಲ್ಲ? ಯಾವ ಕಂಪನಿಯೂ ಶೇಕಡಾ 60ರ ಯೂರಿಯಾ ಮಾಡಲಾರದು. ಮಾಡಿದೆವು ಅಂತ ಯಾರಾದರೂ ಹೇಳಿದರೆ ಅದು ಯೂರಿಯಾ ಅಲ್ಲ, ಅಥವಾ ಸುಳ್ಳು.

ಯೂರಿಯಾ ಮೊದಲು ಗೊತ್ತಾದದ್ದು ಮೂತ್ರದಿಂದ. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ತೋರಿಸಿದ. ಅಂದರೆ ನಮ್ಮ ಎತ್ತಿನ ಗಂಜಲದಲ್ಲಿರುವ ಯೂರಿಯಾ, ಚೀಲದ ಯೂರಿಯಾ ಎರಡೂ ಒಂದೇ ಸಂಯುಕ್ತ. ಗಂಜಲದಲ್ಲಿ ಜೊತೆಗೆ ನೀರು, ಪೊಟ್ಯಾಷ್, ಇನ್ನೂ ಏನೇನೋ ಬೆರೆತಿದೆ. ಅದು ಮಿಶ್ರಣ.

ಪರಮಾಣು ಸಾಯುವುದಿಲ್ಲ

ಈ ಪಾಠದ ಬೇರು ಇಲ್ಲಿದೆ. ಸುಣ್ಣದ ಗೂಡಿನಲ್ಲಿ 100 ಕಿಲೋ ಶುದ್ಧ ಸುಣ್ಣದ ಕಲ್ಲು ಸುಟ್ಟರೆ 56 ಕಿಲೋ ಸುಣ್ಣ ಬರುತ್ತದೆ. ಮಿಕ್ಕ 44 ಕಿಲೋ ಎಲ್ಲಿ? ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಯಿತು. ಅದೇ ಸುಣ್ಣವನ್ನು ಗೋಡೆಗೆ ಬಳಿದರೆ ಗಾಳಿಯಿಂದ ಆ ಅನಿಲವನ್ನು ನಿಧಾನವಾಗಿ ವಾಪಸು ಹೀರಿ ಮತ್ತೆ ಕಲ್ಲಾಗುತ್ತದೆ. ಒಂದು ಪರಮಾಣುವೂ ನಾಶವಾಗಲಿಲ್ಲ, ಹೊಸದೂ ಹುಟ್ಟಲಿಲ್ಲ. ಜೊತೆಗಾರರು ಬದಲಾದರು ಅಷ್ಟೆ. ಕೈಗಾ ಅಣುಸ್ಥಾವರದ ಒಳಗೆ ಪರಮಾಣು ಒಡೆಯುತ್ತದೆ. ಹೊಲದಲ್ಲಿ, ಒಲೆಯಲ್ಲಿ, ತಿಪ್ಪೆಯಲ್ಲಿ ಜೊತೆ ಮಾತ್ರ ಬದಲಾಗುವುದು.

ಹಾಗಾಗಿ ಹೊಲದಲ್ಲಿ ಸತ್ವ ಕಮ್ಮಿಯಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಅದು ಎಲ್ಲಿಗೆ ಹೋಯಿತು? ಕಾಳಿನ ಜೊತೆ ಸಂತೆಗೋ, ನೀರಿನ ಜೊತೆ ಹಳ್ಳಕ್ಕೋ, ಗಾಳಿಗೋ?

ನನ್ನದು ಗಾಳಿಗೆ ಹೋಗಿತ್ತು. ಡಿಎಪಿಯಲ್ಲಿ ಸಾರಜನಕ ಇರುವುದು ಅಮೋನಿಯಂ ರೂಪದಲ್ಲಿ, ಒಂದು ಸಾರಜನಕಕ್ಕೆ ನಾಲ್ಕು ಜಲಜನಕ. ಒದ್ದೆ ಬೂದಿಯ ಕ್ಷಾರ ಅದರಿಂದ ಒಂದು ಜಲಜನಕವನ್ನು ಕಿತ್ತುಕೊಳ್ಳುತ್ತದೆ. ಉಳಿದ ಒಂದು ಸಾರಜನಕ, ಮೂರು ಜಲಜನಕ ಸೇರಿ ಅಮೋನಿಯಾ ಎಂಬ ಅನಿಲವಾಗಿ ಹಾರುತ್ತದೆ. ಕಣ್ಣಿಗೆ ಉರಿ ತಂದದ್ದು ಅದೇ. ಆ ಉರಿ ನನ್ನ ಕೈಗಡದ ದುಡ್ಡು! ಸಾಲದ್ದಕ್ಕೆ ಬೂದಿಯಲ್ಲಿರುವ ಸುಣ್ಣದ ಅಂಶ ರಂಜಕವನ್ನೂ ಹಿಡಿದು, ಬೇಗ ಕರಗದಂತೆ ಮಾಡುತ್ತದೆ.

ನಮ್ಮವ್ವನ ಮೂಗು ಸರಿಯಾಗಿಯೇ ಹೇಳಿತ್ತು. ಕೊಟ್ಟಿಗೆಯ ನಾತವೂ ಅಮೋನಿಯಾವೇ. ಗಂಜಲದ ಯೂರಿಯಾ ಒಡೆದು ಹಾರುವ ಸಾರಜನಕ ಅದು. ಕೊಟ್ಟಿಗೆಗೆ ಒಣಮಣ್ಣು, ಹೊಟ್ಟು ಹರಡಿ ಗಂಜಲ ಹೀರಿಸಿದರೆ ಅಷ್ಟು ಉಳಿಯುತ್ತದೆ. ಬೂದಿಯನ್ನು ತಿಪ್ಪೆಗೆ ಸುರಿಯುವ ರೂಢಿ ನಮ್ಮಲ್ಲೂ ಇತ್ತು, ಬಿಟ್ಟೆವು. ಬೂದಿಯಲ್ಲಿ ಪೊಟ್ಯಾಷ್ ಇದೆ, ಎಸೆಯಬೇಡಿ. ಒಣಗಿಸಿ ಬೇರೆ ಇಟ್ಟು, ಬೇರೆ ದಿನ ಹೊಲಕ್ಕೆ ಚೆಲ್ಲಿ.

ಚೀಲದ ಅಂಕಿ ಓದುವುದು

ಡಿಎಪಿ ಚೀಲದ ಮೇಲೆ 18-46 ಅಂತ ಇರುತ್ತದೆ. 50 ಕಿಲೋ ಚೀಲದಲ್ಲಿ ಸಾರಜನಕ 9 ಕಿಲೋ. 46 ಅನ್ನುವುದು ಬರೀ ರಂಜಕ ಅಲ್ಲ, ರಂಜಕ ಆಮ್ಲಜನಕ ಕೂಡಿದ ಲೆಕ್ಕ. ಆ ಲೆಕ್ಕದಲ್ಲಿ 23 ಕಿಲೋ, ನಿಜ ರಂಜಕ ಸುಮಾರು 10 ಕಿಲೋ. ಇದು ಮೋಸ ಅಲ್ಲ, ಹಿಂದಿನಿಂದ ಬಂದ ಲೆಕ್ಕದ ರೂಢಿ. 45 ಕಿಲೋ ಯೂರಿಯಾ ಚೀಲದಲ್ಲಿ ಸಾರಜನಕ 20.7 ಕಿಲೋ. ಚೀಲದ ಬೆಲೆಯನ್ನು ಈ ಕಿಲೋಗಳಿಂದ ಭಾಗಿಸಿ ನೋಡಿ. ನಾವು ಕೊಳ್ಳುವುದು ಚೀಲವನ್ನಲ್ಲ, ಒಳಗಿನ ಧಾತುವನ್ನು.

ಶೇಂಗಾದವರಿಗೆ ಒಂದು ಮಾತು. ಡಿಎಪಿಯಲ್ಲಿ ಕ್ಯಾಲ್ಸಿಯಂ ಇಲ್ಲ, ಗಂಧಕ ಲೆಕ್ಕಕ್ಕಿಲ್ಲ. ಶೇಂಗಾ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಬೇರಿಗಿಂತ ಹೆಚ್ಚಾಗಿ ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುತ್ತದೆ. ಅಲ್ಲಿ ಇಲ್ಲದಿದ್ದರೆ ಗಿಡ ಹಸಿರು, ಕಾಯಿ ಜೊಳ್ಳು. ಜಿಪ್ಸಂನಲ್ಲಿ ಎರಡೂ ಇವೆ. ಶುದ್ಧ ಜಿಪ್ಸಂನ ನೂರು ಪಾಲಿನಲ್ಲಿ ಕ್ಯಾಲ್ಸಿಯಂ 23, ಗಂಧಕ 18ಕ್ಕಿಂತ ತುಸು ಹೆಚ್ಚು. ಹೂವಿನ ಬುಡದಿಂದ ಸೂಜಿಯಂಥ ಮೊಳೆ ಮಣ್ಣಿಗಿಳಿಯುವ ಹೊತ್ತಿಗೆ ಎಕರೆಗೆ 200 ಕಿಲೋ ಬುಡಕ್ಕೆ ಹಾಕಿ ಮಣ್ಣು ಏರಿಸುವುದು ಶಿಫಾರಸು. ಸೂಪರ್ ಫಾಸ್ಫೇಟ್ ಕೂಡ ರಂಜಕದ ಸಂಯುಕ್ತ ಮತ್ತು ಜಿಪ್ಸಂ ಬೆರೆತ ಮಿಶ್ರಣ. ಒಂದು ಚೀಲ ಡಿಎಪಿಯಷ್ಟು ರಂಜಕಕ್ಕೆ ಸುಮಾರು 144 ಕಿಲೋ ಸೂಪರ್, ಅಷ್ಟು ಸಾರಜನಕಕ್ಕೆ 20 ಕಿಲೋ ಯೂರಿಯಾ ಬೇಕು. ಬೆಲೆ ಹೋಲಿಸಿ ನೀವೇ ತೀರ್ಮಾನಿಸಿ.

ಇನ್ನು ಗಾಳಿಯ ಸಾರಜನಕ. ಒಂದು ಎಕರೆ ಮೇಲೆ ಸುಮಾರು 30 ಸಾವಿರ ಟನ್ ಇದೆ, ಆದರೂ ರಾಗಿ ಹಸಿದಿರುತ್ತದೆ. ಅಲ್ಲಿ ಎರಡೆರಡು ಸಾರಜನಕ ಪರಮಾಣು ಗಟ್ಟಿಯಾಗಿ ತಬ್ಬಿಕೊಂಡಿವೆ. ಕಾರ್ಖಾನೆಯಲ್ಲಿ ಭಾರಿ ಶಾಖ, ಒತ್ತಡ ಕೊಟ್ಟು ಬಿಡಿಸುತ್ತಾರೆ. ಶೇಂಗಾ, ತೊಗರಿ, ಅಲಸಂದೆ ಬೇರಿನ ಗಂಟಿನಲ್ಲಿರುವ ಸೂಕ್ಷ್ಮಜೀವಿಗಳು ಸದ್ದಿಲ್ಲದೆ ಬಿಡಿಸುತ್ತವೆ. ಹಿರಿಯರು ಹಾಕುತ್ತಿದ್ದ ಅಕ್ಕಡಿ ಸಾಲಿನ ರಸಾಯನಶಾಸ್ತ್ರ ಇದು.

ಮನೆಯಲ್ಲೇ ಎರಡು ಪರೀಕ್ಷೆ

ಡಿಎಪಿ: ನಾಲ್ಕು ಕಾಳನ್ನು ಅಂಗೈಲಿಟ್ಟು, ತಂಬಾಕಿಗೆ ಹಚ್ಚುವಂತೆ ಚಿಟಿಕೆ ಸುಣ್ಣ ಹಚ್ಚಿ ತಿಕ್ಕಿ. ಮೂಗಿಗೆ ಹೊಡೆಯುವ ಘಾಟು ಬಂದರೆ ಅಮೋನಿಯಂ ಇದೆ. ನಾನು ಒಂದು ರಾಶಿಗೆ ಮಾಡಿದ ತಪ್ಪನ್ನು ನಾಲ್ಕು ಕಾಳಿಗೆ ಮಾಡಿದರೆ ಪರೀಕ್ಷೆ! ಮೇಲೆ ಕೈ ತೊಳೆದುಕೊಳ್ಳಿ.

ಯೂರಿಯಾ: ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ ಕಲಕಿ. ಪೂರ್ತಿ ಕರಗಬೇಕು, ಲೋಟ ತಣ್ಣಗಾಗಬೇಕು. ಬೇವಿನೆಣ್ಣೆಯ ಪಸೆ ತುಸು ತೇಲಬಹುದು. ತಳದಲ್ಲಿ ಮರಳು ಕೂತರೆ ಬೆರಕೆ. ಉಪ್ಪಿನ ಅನುಮಾನವಿದ್ದರೆ ಒಂದು ಚಿಟಿಕೆಯನ್ನು ಬೇಡದ ಹಳೇ ತಗಡಿನ ಮೇಲೆ, ಬಯಲಿನಲ್ಲಿ, ಚೆನ್ನಾಗಿ ಕಾಯಿಸಿ. ಯೂರಿಯಾ ಕರಗಿ ಆವಿಯಾಗಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ಹೊಗೆ ಮೂಗಿಗೆ ತಾಗದಂತೆ ನಿಲ್ಲಿ.

ಇವು ಅನುಮಾನ ಹುಟ್ಟಿಸುವ ಪರೀಕ್ಷೆಗಳು, ತೀರ್ಪು ಕೊಡುವುದಿಲ್ಲ. ಶೇಕಡಾ ಎಷ್ಟಿದೆ ಅಂತ ಪ್ರಯೋಗಾಲಯವೇ ಹೇಳಬೇಕು. ಅನುಮಾನ ಬಂದರೆ ರಸೀದಿ, ಚೀಲ ಎರಡನ್ನೂ ಇಟ್ಟುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. 1985ರ ರಸಗೊಬ್ಬರ ನಿಯಂತ್ರಣ ಆದೇಶ ಇರುವುದು ಇದಕ್ಕೇ. ರಸೀದಿ ಇಲ್ಲದೆ ಗೊಬ್ಬರ ಕೊಳ್ಳಲೇಬೇಡಿ.

ಬೆರೆಸುವ ಮುಂಚೆ

ಡಿಎಪಿ, ಅಮೋನಿಯಂ ಸಲ್ಫೇಟ್ ಜೊತೆ ಬೂದಿ, ಸುಣ್ಣ ಬೆರೆಸಬೇಡಿ. ಯೂರಿಯಾ ಮತ್ತು ಸೂಪರ್ ಬೆರೆಸಿ ಇಟ್ಟರೆ ನೀರೊಡೆದು ಅಂಟಂಟಾಗುತ್ತದೆ, ಬೆರೆಸಿದ ಕೂಡಲೇ ಹಾಕಿ ಮುಗಿಸಿ. ಯೂರಿಯಾವನ್ನು ಮಣ್ಣಿನ ಮೇಲೆ ಚೆಲ್ಲಿ ಬಿಡಬೇಡಿ, ಹದದಲ್ಲಿ ಹಾಕಿ ಮಣ್ಣು ಮುಚ್ಚಿ. ಇಲ್ಲದಿದ್ದರೆ ಅದೂ ಅಮೋನಿಯಾ ಆಗಿ ಹಾರುತ್ತದೆ.

ಈಗಲೂ ಬಿತ್ತನೆ ಹೊತ್ತಿಗೆ ಒಲೆಬೂದಿ ಕಂಡರೆ ಆ ಆರು ಸಾಲು ಹಸಿರು ರಾಗಿ ಕಣ್ಣಿಗೆ ಕಟ್ಟುತ್ತದೆ. ಹೊಲ ಆವತ್ತೇ ಉತ್ತರ ಬರೆದು ತೋರಿಸಿತ್ತು, ಓದಲು ನನಗೆ ಬರಲಿಲ್ಲ. ನಿಮ್ಮ ಮನೆಯಲ್ಲಿ ಹೈಸ್ಕೂಲು ಓದುವ ಮಕ್ಕಳಿದ್ದರೆ ಈ ಸಲ ಗೊಬ್ಬರದ ಚೀಲ ಬಿಚ್ಚುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಚೀಲದ ಮೇಲಿನ ಅಂಕಿ ಅವರು ಓದಲಿ, ಹೊಲದ ಲೆಕ್ಕ ನೀವು ಹೇಳಿ.