ಕಪ್ಪು ಕವರ್‌ಗೆ ಗಂಟು ಹಾಕುವ ಮುನ್ನ

ಬಿಟಿಎಂ ಲೇಔಟ್‌ನಲ್ಲೋ ಜೆ.ಪಿ. ನಗರದಲ್ಲೋ ಎರಡನೇ ಮಹಡಿಯ ಯಾವುದಾದರೂ ಸಣ್ಣ ಕಚೇರಿಗೆ ಸಂಜೆ ಆರಕ್ಕೆ ಹೋಗಿ ನೋಡಿ. ಹೌಸ್‌ಕೀಪಿಂಗ್ ಅಕ್ಕ ಮೇಜಿನಡಿಯ ಬುಟ್ಟಿಗಳನ್ನೆಲ್ಲ ಒಂದೇ ಕಪ್ಪು ಕವರ್‌ಗೆ ಸುರಿಯುತ್ತಿರುತ್ತಾರೆ. ಪ್ರಿಂಟರ್ ಕಾಗದದ ಮೇಲೆ ಮಧ್ಯಾಹ್ನದ ಸಾಂಬಾರು, ಅದರ ಮೇಲೆ ಅರ್ಧ ಕುಡಿದಿಟ್ಟ ಟೀ. ಕವರ್‌ಗೆ ಗಂಟು ಬೀಳುವಷ್ಟರಲ್ಲಿ ಗುಜರಿಗೆ ಹೋಗಬಹುದಾಗಿದ್ದ ಕಾಗದ ಯಾರಿಗೂ ಬೇಡವಾಗಿರುತ್ತದೆ.

ಇಂಥ ಗಂಟುಗಳನ್ನು ಹೊತ್ತ ಲಾರಿಗಳ ವಿರುದ್ಧವೇ ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನ ಜನ 2014ರಲ್ಲಿ ಬೀದಿಗಿಳಿದದ್ದು. ಮರುವರ್ಷ ಡಿಸೆಂಬರ್‌ನಲ್ಲಿ ಹೈಕೋರ್ಟ್ 'ಎರಡು ಬುಟ್ಟಿ, ಒಂದು ಚೀಲ' ಪದ್ಧತಿಯನ್ನು ಕಡ್ಡಾಯ ಮಾಡಿತು: ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಸ್ಯಾನಿಟರಿ ಕಸ, ಚೀಲಕ್ಕೆ ಒಣ ಕಸ. ಮನೆಯಲ್ಲಿ ಇದನ್ನು ಚಾಚೂ ತಪ್ಪದೆ ಪಾಲಿಸುವವರೇ ಕಚೇರಿಯಲ್ಲಿ ಕೈಬಿಡುತ್ತಾರೆ. ಕಾರಣ ಸರಳ. ಮನೆಯಲ್ಲಿ ಕಸ ತಂದು ಕೊಡುವವರು ನಾವೇ, ಆಟೊ ಟಿಪ್ಪರ್‌ನವರು ನಮ್ಮ ಮುಖ ನೋಡುತ್ತಾರೆ. ಕಚೇರಿಯಲ್ಲಿ ಆ ಕೆಲಸ ಅಕ್ಕನ ಪಾಲಿಗೆ ಹೋಗಿದೆ.

ಆದ್ದರಿಂದ ಮೊದಲು ಅವರ ಜೊತೆ ಕೂತು ಮಾತಾಡಿ. ಯಾವ ಬುಟ್ಟಿ ಎಲ್ಲಿದ್ದರೆ ಅನುಕೂಲ, ಟಿಪ್ಪರ್ ಎಷ್ಟು ಹೊತ್ತಿಗೆ ಬರುತ್ತದೆ, ಒಣ ಕಸ ಒಯ್ಯುವ ದಿನ ಯಾವುದು ಎಂಬುದೆಲ್ಲ ಮ್ಯಾನೇಜರ್‌ಗಿಂತ ಅವರಿಗೆ ಚೆನ್ನಾಗಿ ಗೊತ್ತು. ಬಳಿಕ ಒಂದು ವಾರ ಕೈತಕ್ಕಡಿಯಲ್ಲಿ ದಿನದ ಕಸವನ್ನು ಬೇರೆ ಬೇರೆಯಾಗಿ ತೂಗಿ, ಗೋಡೆಯ ಮೇಲೆ ಬರೆದು ಹಾಕಿ. ಯಾವುದು ಹೆಚ್ಚೆಂದು ಕಣ್ಣಿಗೆ ಕಂಡಮೇಲೆ ಭಾಷಣದ ಅಗತ್ಯ ಬೀಳುವುದಿಲ್ಲ.

ಎರಡನೆಯ ವಾರ ಮೇಜಿನಡಿಯ ಬುಟ್ಟಿಗಳನ್ನು ತೆಗೆದುಬಿಡಿ. ಮೊದಮೊದಲು ಗೊಣಗಾಟ ಇದ್ದೇ ಇರುತ್ತದೆ, ಸೋಲಬೇಡಿ. ಕೈಗೆಟಕುವ ಬುಟ್ಟಿಗೆ ಯೋಚಿಸದೆ ಎಸೆಯುತ್ತೇವೆ. ಹತ್ತು ಹೆಜ್ಜೆ ನಡೆದು ಹೋದರೆ ಕೈಯಲ್ಲಿರುವುದೇನೆಂದು ನೋಡುತ್ತೇವೆ. ಊಟದ ಜಾಗದಲ್ಲಿ ಹಸಿರು ಬುಟ್ಟಿ ಮತ್ತು ಒಣ ಕಸದ ಚೀಲ, ಶೌಚಾಲಯದಲ್ಲಿ ಕೆಂಪು ಬುಟ್ಟಿ ಇಟ್ಟರೆ ಸಾಕು. ಪ್ಯಾಡ್‌ಗಳನ್ನು ಹಳೆ ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕುವಂತೆ ಅಲ್ಲೇ ಒಂದು ಚೀಟಿ ಅಂಟಿಸಿ, ಪಕ್ಕದಲ್ಲಿ ಪತ್ರಿಕೆಯ ಕಟ್ಟೂ ಇರಲಿ. ಬಿಚ್ಚಿಟ್ಟ ಪ್ಯಾಡನ್ನು ಇನ್ನೊಬ್ಬರು ಬರಿಗೈಯಲ್ಲಿ ಎತ್ತುವಂತೆ ಮಾಡುವುದು ಅನ್ಯಾಯ.

ಇನ್ನು ಟೀ. ಇಪ್ಪತ್ತು ಜನ ದಿನಕ್ಕೆರಡು ಸಲ ಕುಡಿದರೆ 25 ದಿನಕ್ಕೆ 1,000 ಕಪ್. 'ಪೇಪರ್ ಕಪ್' ಎಂದು ಹೆಸರಿದ್ದರೂ ಒಳಗೆ ಪ್ಲಾಸ್ಟಿಕ್ ಲೇಪನವಿರುವುದರಿಂದ ಅದು ಗೊಬ್ಬರವಾಗುವುದಿಲ್ಲ, ರದ್ದಿಯವರೂ ಒಯ್ಯುವುದಿಲ್ಲ. ಪಕ್ಕದ ದರ್ಶಿನಿಯಿಂದ ಫ್ಲಾಸ್ಕ್‌ನಲ್ಲಿ ಟೀ ತರಿಸಿ. ಸ್ಟೀಲ್ ಲೋಟಗಳನ್ನು ಕೊಳ್ಳಿ, ಅವರವರ ಲೋಟ ಅವರವರೇ ತೊಳೆಯಲಿ. ನನ್ನನ್ನು ಕೇಳಿದರೆ ಇಡೀ ಲೇಖನದಲ್ಲಿ ಒಂದನ್ನಷ್ಟೇ ಮಾಡುವುದಾದರೆ ಇದನ್ನೇ ಮಾಡಿ. ಹುಟ್ಟುಹಬ್ಬಕ್ಕೋ ಆಯುಧಪೂಜೆಗೋ ಹೆಚ್ಚು ತಟ್ಟೆ ಬೇಕಾದರೆ ಗವಿಪುರಂ ಗುಟ್ಟಹಳ್ಳಿಯ ಅದಮ್ಯ ಚೇತನದ ಪ್ಲೇಟ್ ಬ್ಯಾಂಕ್‌ನಲ್ಲಿ ವಿಚಾರಿಸಿ. ಸಮಾರಂಭಗಳಿಗೆಂದು ಸ್ಟೀಲ್ ತಟ್ಟೆ, ಲೋಟ ಕೊಡುವ ವ್ಯವಸ್ಥೆ ಅದು. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ಕರ್ನಾಟಕ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ.

ಊಟದ ಪಾರ್ಸೆಲ್ ಡಬ್ಬಿಯನ್ನು ಒಮ್ಮೆ ನೀರಲ್ಲಿ ಗಲಬರಿಸಿ, ಬಗ್ಗಿಸಿಟ್ಟು ನೀರು ಇಳಿಸಿ ಚೀಲಕ್ಕೆ ಹಾಕಿ. ಕೈ ತೊಳೆಯುವಾಗಲೇ ಮುಗಿಯುವ ಕೆಲಸ. ಒಣ ಕಸದ ಕೇಂದ್ರದಲ್ಲಿ ಅದನ್ನು ಕೈಯಾರೆ ವಿಂಗಡಿಸುವವರಿದ್ದಾರೆ. ಜಿಡ್ಡಾದ ಡಬ್ಬಿ ಅವರಿಗೆ ದುರ್ನಾತ, ತೊಳೆದ ಡಬ್ಬಿ ಅವರ ಸಂಪಾದನೆ. ಚಿಂದಿ ಆಯುವವರಿಗೆ 2011ರಲ್ಲಿ ಪಾಲಿಕೆಯೇ ಗುರುತಿನ ಚೀಟಿ ಕೊಟ್ಟ ಊರು ನಮ್ಮದು. ಅವರ ಸಂಘಟನೆಯಾದ 'ಹಸಿರು ದಳ'ದವರು ಇಂಥ ಹಲವು ಕೇಂದ್ರಗಳನ್ನು ನಡೆಸುತ್ತಿದ್ದಾರೆ.

ಕಾಗದದ ವಿಷಯ ಸುಲಭ. ಪ್ರಿಂಟರನ್ನು ಎರಡೂ ಬದಿಗೆ ಅಚ್ಚಾಗುವಂತೆ ಹೊಂದಿಸಿ, ಒಂದು ಬದಿ ಖಾಲಿ ಇರುವುದನ್ನು ಹೊಲಿದು ಪ್ಯಾಡ್ ಮಾಡಿಕೊಳ್ಳಿ. ಬನಶಂಕರಿಯ ಆಡಿಟರ್ ಕಚೇರಿಗಳಂಥ ಕಡೆ ಗ್ರಾಹಕರ ಗುಟ್ಟಿನ ಕಾಗದವನ್ನು ಸೀಳಿಯೇ ರದ್ದಿಗೆ ಹಾಕಬೇಕು.

ಟೀ ಚರಟ, ಕಾಫಿ ಚರಟ, ಹಣ್ಣಿನ ಸಿಪ್ಪೆಗೆ ಟೆರೇಸ್ ಮೇಲೆ ತೂತು ಮಾಡಿದ ಡ್ರಮ್ ಇಡಬಹುದು. ಹಸಿ ಕಸ ಒಂದು ಪದರ ಬಿದ್ದ ಕೂಡಲೇ ಮೇಲೆ ಒಣ ಎಲೆ ಮುಚ್ಚಬೇಕು. ಇಲ್ಲದಿದ್ದರೆ ನೀರು ಜಿನುಗಿ ನಾರುತ್ತದೆ, ನೊಣ ಬರುತ್ತದೆ. ಎಲೆಗೆ ಜಯನಗರದಲ್ಲಿ ಬರವೇ? ಚಳಿಗಾಲ ಕಳೆಯುತ್ತಲೇ ಹೊಂಗೆಯ ಎಲೆ ಫುಟ್‌ಪಾತ್ ತುಂಬ ಉದುರುತ್ತದೆ. ನಾಲ್ಕು ಗೋಣಿಚೀಲ ತುಂಬಿಟ್ಟುಕೊಳ್ಳಿ. ವಾರಕ್ಕೊಮ್ಮೆ ಕೋಲಾಡಿಸಿದರೆ ಎರಡು ತಿಂಗಳ ಸುಮಾರಿಗೆ ಮಣ್ಣಿನ ವಾಸನೆಯ ಗೊಬ್ಬರ ಸಿದ್ಧ.

ಕೊನೆಯದು ಹಳೆ ಮೌಸ್, ಚಾರ್ಜರ್, ಬ್ಯಾಟರಿ ತುಂಬಿದ ಆ ಡ್ರಾಯರ್. ಇವು ಒಣ ಕಸವೂ ಅಲ್ಲ, ಗುಜರಿಯೂ ಅಲ್ಲ. ಗುಜರಿಗೆ ಹೋದ ವೈರನ್ನು ತಾಮ್ರಕ್ಕಾಗಿ ಸುಡುವುದುಂಟು. ಲಿಥಿಯಂ ಬ್ಯಾಟರಿ ಲಾರಿಯಲ್ಲಿ ಒತ್ತಿಹೋದರೆ ಬೆಂಕಿ ಹೊತ್ತಿಕೊಳ್ಳಬಹುದು. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಕೂಡಿಡಿ. ಬ್ಯಾಟರಿಯ ತುದಿಗಳಿಗೆ ಟೇಪ್ ಸುತ್ತಿ, ಸುಟ್ಟ ಟ್ಯೂಬ್‌ಲೈಟನ್ನು ಒಡೆಯದೆ ಅದರದೇ ರಟ್ಟಿನ ಹೊದಿಕೆಯಲ್ಲಿಡಿ, ಒಳಗೆ ಪಾದರಸವಿರುತ್ತದೆ. ಪೆಟ್ಟಿಗೆ ತುಂಬಿದಾಗ ದಾಬಸ್‌ಪೇಟೆಯ ಇ-ಪರಿಸರದಂಥ ಅಧಿಕೃತ ಸಂಸ್ಥೆಗೆ ಕೊಟ್ಟು ರಸೀದಿ ಪಡೆಯಿರಿ. ಕೊಡುವ ಮೊದಲು ಹಾರ್ಡ್ ಡಿಸ್ಕ್‌ನಲ್ಲಿರುವುದನ್ನು ಅಳಿಸಲು ಮರೆಯಬೇಡಿ.