ಎಂಜಿನ್ ಇಲ್ಲದಿದ್ದರೂ ಟ್ರೇಲರ್ ಒಂದು ವಾಹನವೇ

ಕಬ್ಬಿನ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಡೆ ರಾತ್ರಿ ಬೈಕ್ ಓಡಿಸುವವರಿಗೆ ಮುಂದಿರುವುದು ಬರೀ ಕತ್ತಲೆಯೋ, ಕಬ್ಬು ಹೇರಿದ ಟ್ರೇಲರಿನ ಬೆನ್ನೋ ಎಂಬುದು ತೀರಾ ಹತ್ತಿರ ಹೋಗುವವರೆಗೂ ತಿಳಿಯುವುದಿಲ್ಲ. ಅಂಥ ಅಪಘಾತದ ಕೇಸು ನ್ಯಾಯಮಂಡಳಿಗೆ ಬಂದಾಗ ಮಾಲೀಕರು ಆರ್‌ಸಿ, ವಿಮೆ ಎರಡನ್ನೂ ಹೆಮ್ಮೆಯಿಂದ ಮುಂದಿಡುತ್ತಾರೆ. ಎರಡೂ ಟ್ರ್ಯಾಕ್ಟರಿನವು. ಟ್ರೇಲರಿನದ್ದು ಎಲ್ಲಿ ಎಂದು ಕೇಳಿದರೆ, ‘ಅದಕ್ಕೆ ಎಂಜಿನ್ನೇ ಇಲ್ವಲ್ಲ ಸಾರ್’ ಎಂಬ ಉತ್ತರ.

ಕಾನೂನು ಹಾಗೆ ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 2(28)ನೇ ಕಲಮು ‘ಮೋಟಾರು ವಾಹನ’ ಎಂಬುದರೊಳಗೆ ಟ್ರೇಲರನ್ನೂ ಸೇರಿಸಿದೆ. ಆದ್ದರಿಂದ 39ನೇ ಕಲಮಿನಂತೆ ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು, 146ನೇ ಕಲಮಿನಂತೆ ಮೂರನೆಯವರ ವಿಮೆಯೂ ಬೇಕು. ನೋಂದಣಿಯಿಲ್ಲದೆ ರಸ್ತೆಗಿಳಿಸಿದರೆ ಮೊದಲ ಸಲ 5,000 ರೂಪಾಯಿವರೆಗೆ ದಂಡ. ವಿಮೆ ಇಲ್ಲದಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡದ ಮೊತ್ತ ನೋಡಿ ‘ಇಷ್ಟೇನಾ’ ಎನ್ನುವವರಿದ್ದಾರೆ. ನಿಜವಾದ ಹೊಡೆತ ಬೀಳುವುದು ಪರಿಹಾರದ ಆದೇಶ ಬಂದಾಗ. ಟ್ರೇಲರಿಗೆ ವಿಮೆ ಇಲ್ಲ ಎಂಬುದೇ ವಿಮಾ ಕಂಪನಿಯ ವಕೀಲರ ಮೊದಲ ವಾದ. ಟ್ರ್ಯಾಕ್ಟರಿನ ವಿಮೆ ಸಾಕೇ ಸಾಲದೇ ಎಂಬ ಬಗ್ಗೆ ತೀರ್ಪುಗಳು ಆಯಾ ಪ್ರಕರಣದ ಸಂಗತಿಗಳ ಮೇಲೆ ಎರಡೂ ಕಡೆಗೆ ವಾಲಿವೆ. ಹೊಲ ಮಾರಿ ಪರಿಹಾರ ಕಟ್ಟುವ ಸ್ಥಿತಿಗೆ ಹೋಗಿ ಆ ಚರ್ಚೆ ಮಾಡುವುದಕ್ಕಿಂತ, ಪಾಲಿಸಿಯಲ್ಲಿ ಟ್ರೇಲರಿನ ನಂಬರೂ ನಮೂದಾಗಿದೆಯೇ ಎಂದು ಇವತ್ತೇ ತೆರೆದು ನೋಡುವುದು ಲೇಸು.

ಹೊಸ ಟ್ರೇಲರ್ ಕೊಳ್ಳುವವರು ಬಿಲ್ಲಿನ ಜೊತೆಗೆ ಫಾರ್ಮ್ 21 (ಮಾರಾಟ ಪ್ರಮಾಣಪತ್ರ), ಫಾರ್ಮ್ 22 (ರಸ್ತೆಯೋಗ್ಯತೆಯ ಪ್ರಮಾಣಪತ್ರ) ಕೇಳಿ ಪಡೆಯಬೇಕು. ಫಾರ್ಮ್ 20ರಲ್ಲಿ ಆರ್‌ಟಿಒಗೆ ಅರ್ಜಿ. ಊರ ವರ್ಕ್‌ಶಾಪಿನಲ್ಲಿ ಅಗ್ಗಕ್ಕೆ ಬೆಸೆಸಿಕೊಂಡ ಟ್ರೇಲರಿಗೆ ಈ ಕಾಗದಗಳೇ ಸಿಗದೆ ಮುಂದಿನ ದಾರಿ ಮುಚ್ಚುತ್ತದೆ. ಇನ್ನು 61ನೇ ಕಲಮನ್ನು ನಮ್ಮಲ್ಲಿ ಪಾಲಿಸುವವರು ಕಡಿಮೆ: ಟ್ರೇಲರಿನ ಸ್ವಂತ ನಂಬರು ಅದರ ಪಕ್ಕದಲ್ಲಿರಬೇಕು, ಎಳೆಯುವ ಟ್ರ್ಯಾಕ್ಟರಿನ ನಂಬರು ಹಿಂಬದಿಯಲ್ಲಿರಬೇಕು. ಎರಡು ಟ್ರೇಲರ್ ಇದ್ದರೆ ಕೊನೆಯದರ ಮೇಲೆ. ಗುದ್ದಿ ಓಡಿಹೋದ ವಾಹನವನ್ನು ಗುರುತಿಸಲು ಪಾದಚಾರಿಗೆ ಸಿಗುವುದು ಆ ಹಿಂದಿನ ಫಲಕವೊಂದೇ.

ಚಾಲಕರ ಪರವಾನಗಿ ಬಗ್ಗೆ ಮಾತ್ರ ಅಂಜಿಕೆ ಬೇಡ. ಟ್ರ್ಯಾಕ್ಟರ್ ಓಡಿಸಲು ಪರವಾನಗಿ ಇರುವವರು ಹಿಂದೆ ಟ್ರೇಲರ್ ಕಟ್ಟಿದ ಮಾತ್ರಕ್ಕೆ ಅನರ್ಹರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ನಾಗಶೆಟ್ಟಿ ಪ್ರಕರಣದಲ್ಲಿ ಹೇಳಿದೆ.

ಅಪಘಾತವಾದ ಮೇಲೆ ಪೊಲೀಸರು ಸ್ಥಳ ಮಹಜರು ಬರೆಯುತ್ತಾರೆ, ಮೋಟಾರು ವಾಹನ ನಿರೀಕ್ಷಕರು ವಾಹನ ಪರೀಕ್ಷಿಸಿ ವರದಿ ಕೊಡುತ್ತಾರೆ. ಕೋರ್ಟಿನಲ್ಲಿ ಇದಕ್ಕೆ ಐಎಂವಿ ರಿಪೋರ್ಟ್ ಎನ್ನುತ್ತಾರೆ. ಬ್ರೇಕು ಕೆಲಸ ಮಾಡುತ್ತಿತ್ತೇ, ಹಿಂದಿನ ದೀಪ ಇತ್ತೇ ಎಂಬ ಒಂದೊಂದು ಸಾಲೂ ಮುಂದೆ ಸಾಕ್ಷ್ಯ. ಹಾಗಾಗಿ ಬೆಳಿಗ್ಗೆ ಹೊರಡುವ ಮುನ್ನದ ತಪಾಸಣೆ ಬರೀ ಮೆಕ್ಯಾನಿಕ್ ಮಾತಲ್ಲ. ಹುಕ್ಕಿನ ಪಿನ್ನಿಗೆ ಕೆಳಗಡೆ ಲಾಕ್ ಕ್ಲಿಪ್ ಇರುತ್ತದೆ. ಅದು ಕಳೆದುಹೋದರೆ ನಮ್ಮವರು ತಂತಿ ಸುತ್ತಿ ಹೊರಟುಬಿಡುತ್ತಾರೆ. ಹಳ್ಳಕ್ಕೆ ಇಳಿದು ಎದ್ದಾಗ ಪಿನ್ನು ಮೇಲಕ್ಕೆ ಜಿಗಿದರೆ ಟ್ರೇಲರ್ ತನ್ನ ಪಾಡಿಗೆ ತಾನು ಹೋಗುತ್ತದೆ. ಪಿನ್ನಿನ ತೂತು ಸವೆದು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಆ ಹುಕ್ಕನ್ನು ಬದಲಿಸಲೇಬೇಕು. ಪಿನ್ನು ಕೈಕೊಟ್ಟರೂ ಹಿಡಿದುಕೊಳ್ಳಲು ಸರಪಳಿ ಹಾಕುವುದು ಒಳ್ಳೆಯದು. ಬ್ರೇಕಿನದು ಇನ್ನೊಂದು ಕತೆ. ಟ್ರ್ಯಾಕ್ಟರಿನ ಎಡ-ಬಲ ಹಿಂಚಕ್ರಗಳಿಗೆ ಬೇರೆ ಬೇರೆ ಪೆಡಲ್. ಹೊಲದಲ್ಲಿ ತಿರುಗಿಸಲು ಅನುಕೂಲ. ರಸ್ತೆಗೆ ಬಂದ ಕೂಡಲೇ ಕೊಂಡಿ ಹಾಕಿ ಎರಡನ್ನೂ ಜೋಡಿಸಬೇಕು. ಜೋಡಿಸದೆ ಒಂದನ್ನೇ ತುಳಿದರೆ ಟ್ರ್ಯಾಕ್ಟರ್ ಒಂದು ಕಡೆಗೆ ಎಳೆಯುತ್ತದೆ, ಹಿಂದಿನ ಭಾರ ತಳ್ಳುತ್ತದೆ, ಪಲ್ಟಿ.

ಹಿಂದಿನ ಕೆಂಪು ದೀಪ, ರಿಫ್ಲೆಕ್ಟರ್ ಎರಡೂ ಇರಬೇಕು. ಇಳಿಬಿದ್ದ ಕಬ್ಬಿನ ಸೋಗೆ ರಿಫ್ಲೆಕ್ಟರನ್ನು ಮುಚ್ಚಿದ್ದರೆ ಅದು ಇದ್ದೂ ಇಲ್ಲದಂತೆ. ಮಿತಿಮೀರಿ ಅಗಲಕ್ಕೆ, ಎತ್ತರಕ್ಕೆ ಚಾಚುವಂತೆ ಹೇರಿದರೆ 194(1ಎ) ಕಲಮಿನಡಿ 20,000 ರೂಪಾಯಿ ದಂಡ, ಮೇಲೆ ಹೊರೆ ಇಳಿಸುವ ಖರ್ಚೂ ನಿಮ್ಮದೇ.

ಟೈರ್ ಪಂಕ್ಚರ್ ಆಯಿತೆಂದು ಟ್ರೇಲರನ್ನು ರಸ್ತೆಯಲ್ಲೇ ಬಿಟ್ಟು, ಸುತ್ತ ನಾಲ್ಕು ಕಲ್ಲಿಟ್ಟು ಹೋಗುವ ರೂಢಿಯಿದೆ. ಅಪಾಯವಾಗುವಂತೆ ಹೀಗೆ ಬಿಟ್ಟುಹೋಗುವುದನ್ನು 122ನೇ ಕಲಮು ಟ್ರೇಲರಿನ ಹೆಸರೆತ್ತಿಯೇ ನಿಷೇಧಿಸಿದೆ. ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಡಿ 5,000 ರೂಪಾಯಿವರೆಗೆ ದಂಡವೂ ಉಂಟು. ಗುದ್ದಿ ಯಾರಾದರೂ ಸತ್ತರೆ 106(1)ನೇ ಕಲಮು ಹಾಕುವ ಸಾಧ್ಯತೆಯಿದೆ. ಅದಕ್ಕೆ ಐದು ವರ್ಷದವರೆಗೆ ಜೈಲು. ಬೈಕಿನವನ ಅತಿವೇಗವೂ ಸಾಬೀತಾದರೆ ತಪ್ಪನ್ನು ಪಾಲು ಹಾಕಿ ಪರಿಹಾರ ಕಡಿತವಾಗಬಹುದು. ಹಾಗಾಗಿ ನೊಂದವರ ಕಡೆಯವರು ಟ್ರೇಲರನ್ನು ಎಳೆದುಕೊಂಡು ಹೋಗುವ ಮೊದಲೇ ಅದರ ಹಿಂಭಾಗದ ಫೋಟೊ ತೆಗೆದಿಡಲಿ. ದೀಪ ಇರಲಿಲ್ಲ ಎಂದು ಆಮೇಲೆ ಸಾಬೀತು ಮಾಡುವುದು ಕಷ್ಟ.

ಗಾಯಾಳುವಿಗೆ ಮೊದಲು ಚಿಕಿತ್ಸೆ. 2025ರ ನಗದುರಹಿತ ಚಿಕಿತ್ಸಾ ಯೋಜನೆಯಡಿ, ಅಪಘಾತವಾದ ದಿನದಿಂದ ಏಳು ದಿನಗಳವರೆಗೆ ಒಬ್ಬರಿಗೆ 1.5 ಲಕ್ಷ ರೂಪಾಯಿ ತನಕ ಚಿಕಿತ್ಸೆಗೆ ಅವಕಾಶವಿದೆ. ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ನ್ಯಾಯಮಂಡಳಿಗೆ ತಿಳಿಸಬೇಕು, 90 ದಿನಗಳಲ್ಲಿ ವಿವರ ವರದಿ ಕೊಡಬೇಕು. 166ನೇ ಕಲಮಿನ ಪರಿಹಾರದ ಅರ್ಜಿಗೆ ಕಾಯ್ದೆ ಹಾಕಿರುವ ಗಡುವು ಅಪಘಾತದ ದಿನದಿಂದ ಆರು ತಿಂಗಳು. ರಾಜಿ ಮಾತುಕತೆಯ ಆಸೆಯಲ್ಲಿ ಅದನ್ನು ಕಳೆದುಕೊಳ್ಳಬೇಡಿ.

ಕಬ್ಬು ಕಡಿಯಲು ದೂರದ ತಾಲ್ಲೂಕುಗಳಿಂದ ಬರುವ ಗ್ಯಾಂಗಿನವರಿಗೆ ಒಂದು ಮಾತು. ಅಪಘಾತ ಎಲ್ಲೇ ಆಗಿರಲಿ, ಅರ್ಜಿಯನ್ನು ನೀವು ವಾಸವಾಗಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.