ಬೇಡದ ಸುದ್ದಿ ತಂದವನ ಮಾತು ಕೇಳು

ಫ್ರಾನ್ಸಿನವರು ಹೇಡಿಗಳು, ಎರಡನೇ ಮಹಾಯುದ್ಧದಲ್ಲಿ ಆರೇ ವಾರಕ್ಕೆ ಜರ್ಮನಿಯೆದುರು ಕೈಚೆಲ್ಲಿದರು ಅಂತ ಒಂದೇ ಉಸಿರಿಗೆ ತೀರ್ಪು ಕೊಟ್ಟುಬಿಟ್ಟೆಯಲ್ಲ ಮರಿ! ಬುದ್ಧಿಗೇನೂ ಕೊರತೆಯಿಲ್ಲ ನಿನಗೆ, ಆದರೆ ನಾಲಿಗೆ ಓದಿಗಿಂತ ಮುಂದೆ ಓಡುತ್ತೆ. ಸ್ವಲ್ಪ ಕೂತು ಕೇಳು.

1940ರ ಮೇ 10ರ ಬೆಳಗ್ಗೆ ಹಾಲೆಂಡ್, ಬೆಲ್ಜಿಯಂ, ಲಕ್ಸೆಂಬರ್ಗ್ ಮೂರರ ಮೇಲೂ ಜರ್ಮನಿ ಒಟ್ಟಿಗೇ ಬಿತ್ತು. ಫ್ರಾನ್ಸಿನ ಹತ್ತಿರ ಟ್ಯಾಂಕುಗಳಿಗೆ ಬರವಿರಲಿಲ್ಲ; ಕೆಲವಂತೂ ಜರ್ಮನಿಯವಕ್ಕಿಂತ ಗಟ್ಟಿ. ಜರ್ಮನಿ ಕಡೆಯ ಗಡಿಯುದ್ದಕ್ಕೂ ಮಾಜಿನೋ ಕೋಟೆಸಾಲು. ಅದು ಮುಗಿದಲ್ಲಿಂದ ಉತ್ತರಕ್ಕೆ ಆರ್ಡೆನ್ ಕಾಡು. ಆ ಕಾಡಿನೊಳಗೆ ದೊಡ್ಡ ಸೈನ್ಯ ಬೇಗ ನುಗ್ಗಲಾರದು ಅಂತ ಫ್ರೆಂಚ್ ಸೈನ್ಯದ ಮೇಲಿನವರು ನಂಬಿ ಕೂತಿದ್ದರು.

ಅವರಿಗೆ ಹೇಳಿದವರಿರಲಿಲ್ಲವೇ? ಇದ್ದರು. 1938ರಲ್ಲೇ ಅವರದೇ ಜನರಲ್ ಪ್ರೆತೆಲಾ ಅಣಕು ಯುದ್ಧ ನಡೆಸಿ, ಶತ್ರು ಆ ಕಾಡು ದಾಟಿ 60 ಗಂಟೆಗಳಲ್ಲಿ ಮ್ಯೂಸ್ ನದಿ ಮುಟ್ಟಬಹುದು ಅಂತ ತೋರಿಸಿದ್ದರು. ಅದು ಯಾರಿಗೂ ರುಚಿಸಲಿಲ್ಲ, ಮೂಲೆಗೆ ಬಿತ್ತು. ದಾಳಿ ಶುರುವಾದ ಮೇಲೆ ವಿಮಾನದವರು ಕಾಡುದಾರಿಯ ತುಂಬ ವಾಹನಗಳ ಸಾಲು ಕಂಡು ಬಂದು ಹೇಳಿದರು. ಆಗಲೂ ಮೇಲಿನವರ ಕಣ್ಣೆಲ್ಲ ಬೆಲ್ಜಿಯಂ ಕಡೆಗೇ. ಮೇ 13ಕ್ಕೆ ಸೆಡಾನಿನಲ್ಲಿ ಜರ್ಮನರು ಅದೇ ಮ್ಯೂಸ್ ಹೊಳೆ ದಾಟಿಯೇಬಿಟ್ಟರು.

ಬೇಡದ ಸುದ್ದಿಗೆ ಕಿವಿಗೊಡದ ಆ ಗುಣದ ಮೊಳಕೆ ನಿನ್ನಲ್ಲೂ ಕಂಡಿದ್ದೇನೆ, ಬೇಜಾರು ಮಾಡ್ಕೋಬೇಡ. 'ಅಣ್ಣಾ, ಗಾಡಿ ಬ್ರೇಕ್ ಸರಿಯಾಗಿ ಹಿಡೀತಿಲ್ಲ' ಅಂತ ತಂಗಿ ಅಂದರೆ, 'ನಿನಗೇನು ಗೊತ್ತು' ಅಂತ ಕಿಕ್ ಹೊಡೆದು ಹೊರಟೇಹೋಗ್ತೀಯ. ಚಿಕ್ಕವರು ಹೇಳಿದ್ದೋ, ನಿನ್ನ ಲೆಕ್ಕ ತಪ್ಪಿಸೋ ಮಾತೋ ಆದರೆ ನಿನ್ನ ಕಿವಿ ಮುಚ್ಚಿಕೊಳ್ಳುತ್ತೆ. ವಿದ್ಯೆ ಹೆಚ್ಚಿದಷ್ಟೂ ಈ ಚಾಳಿ ಬಲಿಯೋದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ ಕಣೋ. ಈಗಲೇ ಬಿಡು.

ಮತ್ತೆ ಯುದ್ಧದ ಮಾತಿಗೆ ಬರ್ತೀನಿ. ಆಗ ಫ್ರಾನ್ಸಿನ ಮಹಾದಂಡನಾಯಕ ಗ್ಯಾಮ್ಲಾ. ವ್ಯಾನ್ಸೆನ್ ಕೋಟೆಯಲ್ಲಿದ್ದ ಅವರ ಠಾಣ್ಯದಲ್ಲಿ ರೇಡಿಯೋನೇ ಇರಲಿಲ್ಲ! ರಣರಂಗದ ಸುದ್ದಿ ಕುಂಟುತ್ತ ಬರುತ್ತಿತ್ತು. ಮೇ 16ರಂದು ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಪ್ಯಾರಿಸ್ಸಿಗೆ ಹೋಗಿ, ಮೀಸಲು ಪಡೆ ಎಲ್ಲಿದೆ ಅಂತ ಕೇಳಿದರು. ಒಂದೂ ಇಲ್ಲ ಅಂದರು ಗ್ಯಾಮ್ಲಾ. ಇಷ್ಟಕ್ಕೆಲ್ಲ ಬೆಲೆ ತೆತ್ತವರು ಯಾರು? ರಸ್ತೆಗೆ ಬಿದ್ದ ಲಕ್ಷಾಂತರ ಸಂಸಾರಗಳು. ತಳ್ಳುಗಾಡಿಯಲ್ಲಿ ಹಾಸಿಗೆ, ಅದರ ಮೇಲೆ ಮುದುಕರು, ಮಕ್ಕಳು. ಅವರನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತೆ.

ಇನ್ನು ಸಿಪಾಯಿಗಳ ಮಾತು. ಫ್ರಾನ್ಸಿನ ಡನ್‌ಕರ್ಕ್ ಕಡಲತೀರದಲ್ಲಿ ಸಿಕ್ಕಿಬಿದ್ದಿದ್ದ 3,38,000ಕ್ಕೂ ಹೆಚ್ಚು ಸೈನಿಕರು ಹಡಗು ಹತ್ತಿ ಪಾರಾದರು. ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುತ್ತಿದ್ದ ನಮ್ಮ ಭಾರತೀಯ ಸೈನಿಕರೂ ಅಲ್ಲಿದ್ದರು, ಇದು ನಿನಗೆ ಗೊತ್ತಿರಲಿ. ಅಷ್ಟು ಜನಕ್ಕೆ ಪುರುಸೊತ್ತು ದಕ್ಕಿದ್ದು ಹೇಗೆ? ಲೀಲ್ ಪಟ್ಟಣದಲ್ಲಿ ತಮ್ಮನ್ನು ಸುತ್ತುವರಿದಿದ್ದ ಜರ್ಮನರನ್ನು ಫ್ರೆಂಚ್ ಸೈನಿಕರು ಮೇ 31ರವರೆಗೂ ಕಟ್ಟಿಹಾಕಿದ್ದೂ ಅದಕ್ಕೊಂದು ಕಾರಣ. ಕೊನೆಗೆ ಅವರು ಶರಣಾದಾಗ ಗೆದ್ದ ಜರ್ಮನರೇ ಅವರಿಗೆ ಸೈನಿಕ ಗೌರವ ಸಲ್ಲಿಸಿದರು. ಅಂಥವರನ್ನು ಕಣೋ ನೀನು ಹೇಡಿ ಅಂದಿದ್ದು.